ಯಂಕಮ್ಮನ ಮನೆಗೆ ಬಂದ ಅತಿಥಿ

ಬಾಲಾನಗರ, ಹೈದರಾಬಾದ್
ಶನಿವಾರ, 7 ಫೆಬ್ರವರಿ 2026

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ಶರಣು ಶರಣಾರ್ಥಿ.

ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲಿನಲ್ಲೇ ಅಪೂರ್ವಳ ಅಡುಗೆಮನೆಗೆ ನುಗ್ಗಿ ರೊಟ್ಟಿ ಬಡಿಯುತ್ತಿದ್ದೀರಂತೆ. ಮಗಳ ರೊಟ್ಟಿ ದಪ್ಪ ಎಂಬ ಕಾರಣವನ್ನು ಯಾವ ಡಾಕ್ಟರೂ ಒಪ್ಪುವುದಿಲ್ಲ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀವು ಅರ್ಧ ಕೇಳಿ ಪೂರ್ತಿ ಬೈಯುತ್ತೀರಿ. ಅದಕ್ಕೇ ಬರೆದು ಅಪೂರ್ವಳ ಮಗ ಪವನನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಜೆ ಅವನನ್ನು ನಾಂಪಲ್ಲಿಯಲ್ಲಿ ರೈಲು ಹತ್ತಿಸಬೇಕು.

ಗುರುವಾರ ಟ್ರಸ್ಟಿನ ರಾಮದಾಸರು ಬಂದಿದ್ದರು. ನೀವು ನನ್ನ ಕೈಗೊಪ್ಪಿಸಿದ ಶಾಲೆಯ ಬಾಡಿಗೆ, ಮಕ್ಕಳ ಊಟ, ಟೀಚರುಗಳ ಸಂಬಳ ಎಲ್ಲವೂ ಆ ಟ್ರಸ್ಟಿನಿಂದಲೇ ನಡೆಯುವುದು ನಿಮಗೆ ಗೊತ್ತಿದ್ದದ್ದೇ. ಈ ವರ್ಷ ಹೊಸದೊಂದು ನಿಯಮ ತಂದಿದ್ದಾರೆ. ಮುಂದಿನ ವರ್ಷದ ನೆರವು ಮಂಜೂರಾಗುವ ಮೊದಲು ಓದುವವರು ಬಡವರೇ ಹೌದೋ ಎಂದು ಒಂದು ಮಗುವಿನ ಮನೆಯನ್ನು ಕಣ್ಣಾರೆ ನೋಡಬೇಕಂತೆ. ನಾನು ಮೂರನೆಯ ಕ್ಲಾಸಿನ ಸಪ್ನಾಳ ಮನೆ ತೋರಿಸುತ್ತೇನೆಂದೆ. ಅವಳ ತಾಯಿ ಯಂಕಮ್ಮ ಯಾದಗಿರಿ ಕಡೆಯವಳು, ಗಂಡ ತೀರಿಕೊಂಡ ಮೇಲೆ ಇಲ್ಲೊಂದು ಲೇತ್ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾಳೆ. ಒಂದೇ ಕೋಣೆ, ಮೇಲೆ ತಗಡು. ಇದಕ್ಕಿಂತ ಬೇರೆ ಪುರಾವೆ ಯಾಕೆ ಬೇಕು ಎಂದುಕೊಂಡಿದ್ದೆ.

ಬಾಗಿಲಲ್ಲಿ ಕಾಲಿಡುತ್ತಲೇ ಇದು ಬೇರೆ ಯಾರದೋ ಮನೆ ಅನ್ನಿಸಿತು. ಗೋಡೆಗೆ ಒರಗಿಸಿದ ದೊಡ್ಡ ಟಿ.ವಿ., ಮಂಚದ ಮೇಲೆ ಮಖಮಲ್ಲಿನ ಹಾಸು, ಕೂಲರ್, ಬಂಗಾರದ ಅಂಚಿನ ಚಹದ ಕಪ್ಪು-ಬಸಿ. ಸಪ್ನಾಳ ಕೈತುಂಬ ಯಾರದೋ ಬಳೆ. ಮನೆಗೆ ಸಾಹೇಬರು ಬರುತ್ತಾರೆಂದು ಗಲ್ಲಿಗೆ ಗಲ್ಲಿಯೇ ತನ್ನ ಒಳ್ಳೆಯ ಸಾಮಾನನ್ನೆಲ್ಲ ತಂದು ಯಂಕಮ್ಮನ ಮನೆಯಲ್ಲಿ ಇಟ್ಟಿತ್ತು. ನಮ್ಮ ಕಡೆ ಕನ್ಯೆ ನೋಡಲು ಬಂದಾಗ ಓಣಿಯವರು ಮಾಡುವುದಿಲ್ಲವೇ, ಹಾಗೆ. ರಾಮದಾಸರನ್ನು ಒಂದು ತೇಗದ ಆರಾಮ ಕುರ್ಚಿಯಲ್ಲಿ ಕೂಡಿಸಿ, ತಣ್ಣನೆಯ ಶರಬತ್ತು ಕೊಟ್ಟು, ಯಂಕಮ್ಮ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಳು. ಅವರು ಸುತ್ತಲೂ ನೋಡಿ, ಇದೆಲ್ಲ ನಿಮ್ಮದೇ ಏನು ಎಂದು ಹಿಂದಿಯಲ್ಲಿ ಕೇಳಿದರು. ಬಾಗಿಲಲ್ಲಿ ಅರ್ಧ ಗಲ್ಲಿ ನಿಂತಿತ್ತು. ಆಕೆ ಸೆರಗು ಸರಿಮಾಡಿಕೊಂಡು, "ಹಾಂ ಸಾಬ್, ಸಬ್ ಹಮಾರಾಚ್ ಹೈ" ಅಂದಳು. ಅಷ್ಟು ಜನರೆದುರು ನಾನು ಅಲ್ಲವೆನ್ನಲಿಲ್ಲ. ನೀವಿದ್ದರೂ ಅನ್ನುತ್ತಿರಲಿಲ್ಲ. ರಾಮದಾಸರು ಫೋಟೊ ತೆಗೆದುಕೊಂಡರು.

ಕಾರಿನಲ್ಲಿ, ಸಾಮಾನೆಲ್ಲ ಗಲ್ಲಿಯವರದೆಂದು ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. ಹಾಗಿದ್ದರೆ ಖಾಲಿ ಕೋಣೆಯಲ್ಲಿ ಆಕೆಯನ್ನು ನಿಲ್ಲಿಸಿ, ತನ್ನದೇನೂ ಇಲ್ಲವೆಂದು ಆಕೆಯ ಬಾಯಿಂದಲೇ ಹೇಳಿಸಿ ವಿಡಿಯೊ ಕಳಿಸಿ ಎಂದರು. ಸೋಮವಾರದೊಳಗೆ ಬರಬೇಕು. ಬಾರದಿದ್ದರೆ, ಉಳ್ಳವರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದಾರೆ ಎಂದು ಬರೆಯುತ್ತಾರಂತೆ. ಹಾಗೆ ಬರೆದರೆ ಜೂನಿನಲ್ಲಿ ನಾವು ಬಾಗಿಲು ತೆರೆಯುವಂತಿಲ್ಲ.

ನಿನ್ನೆ ಯಂಕಮ್ಮನ ಮನೆಗೆ ಹೋದೆ. ಸಾಮಾನೆಲ್ಲ ಅವರವರ ಮನೆ ಸೇರಿತ್ತು, ಆ ಕುರ್ಚಿಯೊಂದು ಉಳಿದಿತ್ತು. ವಿಷಯ ತಿಳಿಸಿದೆ. ನನ್ನ ಮೇಲೆ ರೇಗುತ್ತಾಳೆಂದು ಕಾದೆ, ರೇಗಲಿಲ್ಲ. "ಮನಿಗಿ ಬಂದವ್ರಿಗಿ ನೆಲದ ಮ್ಯಾಲ ಕುಂದ್ರಸಾಕ ಆಕ್ಕೈತೇನ್ರಿ ಅಕ್ಕಾರ" ಅಂದು ಆ ಕುರ್ಚಿಯ ಕೈಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಹೇಳ್ತೀನಿ ತಗೋರಿ. ಸಾಲಿ ನಡೀಬೇಕು. ಸಪ್ನಾನ್ನ ಮಾತ್ರ ಹೊರಗ ಕಳಸ್ತೀನಿ, ಆಕಿ ಕೇಳಬಾರ್ದು" ಅಂದಳು. ಮುಖ ತೊಳೆದುಕೊಂಡು ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಳು. ನಾನು ಫೋನು ಕೈಗೆತ್ತಿಕೊಂಡವಳು ತಿರುಗಿ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ. ಬಂದವರನ್ನು ಉಪಚರಿಸಿದ್ದಕ್ಕೆ ಈ ದಂಡವೇ ಎಂದು ನನಗೆ ಇನ್ನೂ ಮೈ ಉರಿಯುತ್ತಿದೆ. ಅಷ್ಟೇ ಭಯವೂ ಇದೆ. ನೀವು ಕಟ್ಟಿದ ಶಾಲೆ ನನ್ನ ಕೈಯಲ್ಲಿ ಮುಚ್ಚಿದರೆ ಆ ಮಕ್ಕಳು ಎಲ್ಲಿ ಹೋಗಬೇಕು?

ಅಪೂರ್ವಳಿಗೆ ನೆನಪು ತಿಳಿಸಿ. ಗುಳಿಗೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ಈ ಸಲ ನನಗೆ ಭಾಳ ಬೇಕಾಗಿದೆ.

ನಿಮ್ಮ ಸೊಸೆ,
ವಿಶಾಲಾಕ್ಷಿ

ಮರೆತು ಕೊನೆಗೆ ಬರೆಯುತ್ತಿಲ್ಲ, ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿದೆ. ಪವನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ವಿಡಿಯೊ ಕಳಿಸುವುದಿಲ್ಲ ಎಂದು ರಾಮದಾಸರಿಗೆ ಹೇಳಿಬಿಟ್ಟೆ. ಸೋಮವಾರ ಅವರು ನಿಮಗೇ ಫೋನ್ ಮಾಡುತ್ತಾರೆ, ಶಾಲೆ ಕಟ್ಟಿದವರ ಮಾತನ್ನು ನಂಬುತ್ತಾರಂತೆ. ಅವರು ಕೂತಿದ್ದ ಆ ಕುರ್ಚಿ ಮಾವನವರದು. ಯಂಕಮ್ಮ ಕೇಳಿದಳು, ಒಂದು ಕುರ್ಚಿ ತಾನೇ ಎಂದು ನಿಮ್ಮನ್ನು ಕೇಳದೆ ಕೊಟ್ಟೆ. ಗಲ್ಲಿಯವರೂ ಒಬ್ಬೊಬ್ಬರೂ ಹಾಗೇ ಅಂದುಕೊಂಡಿರಬೇಕು. ಕುರ್ಚಿ ನಮ್ಮದು, ಸೊಸೆ ಕೊಟ್ಟದ್ದು ಎಂದು ಹೇಳಿಬಿಡಿ. ಅದೊಂದು ಎರವಿನದಾದರೆ ಉಳಿದದ್ದೂ ಎರವಿನದೇ ಎಂದು ಒಪ್ಪುತ್ತಾರೆ. ಆಗ ರಾಮದಾಸರು, ಶಾಲೆಯವರೇ ನಾಟಕ ಕಟ್ಟಿದರು, ನೆರವು ಬೇಕಿದ್ದರೆ ಆ ಸೊಸೆಯನ್ನು ತೆಗೆಯಿರಿ ಎನ್ನುತ್ತಾರೆ. ತೆಗೆಯಿರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನಿಮ್ಮ ಕಾಲ ಮತ್ತೆ ಬಂತು ಎಂದುಕೊಳ್ಳಿ, ಕಾಲು ನೆಟ್ಟಗಾದೊಡನೆ ಬಂದು ಶಾಲೆ ನೋಡಿಕೊಳ್ಳಿ. ಯಂಕಮ್ಮ ಮಾತ್ರ ಆ ಗೋಡೆಗೆ ಮತ್ತೆ ನಿಲ್ಲುವುದು ಬೇಡ. ಕುರ್ಚಿಯಲ್ಲಿ ಕೂತು ಸಪ್ನಾ ಓದಿಕೊಳ್ಳುತ್ತಾಳೆ. ಅದನ್ನು ವಾಪಸು ಕೇಳಲು ನಾನು ಹೋಗುವುದಿಲ್ಲ.