ಮೂರು ಕುರ್ಚಿಗಳ ತುಕ್ಕು

ಭಾನುವಾರ, ಮಧ್ಯಾಹ್ನ

ನನ್ನ ಸಲೂನ್ ಮೇಡಂಗೆ,

ಹಾಗೆ ಕರೆದರೆ ನಿನಗೆ ಮೈ ಉರಿಯುತ್ತದೆ ಎಂದು ಗೊತ್ತು. ಆದರೂ ಎಂಟು ತಿಂಗಳಾದ ಮೇಲೆ ಹೆಂಡತಿಗೆ ಬರೆಯುವಾಗ ಬೇರೆ ಹೇಗೆ ಶುರುಮಾಡಬೇಕೋ ತೋಚಲಿಲ್ಲ.

ನಿನ್ನ ಕಾಗದ ಬುಧವಾರ ಕೈಸೇರಿತು. ನಾಲ್ಕೇ ಸಾಲು. ಕುರ್ಚಿಗಳ ಕೈಗಳಿಗೆ ತುಕ್ಕು ಜಾಸ್ತಿಯಾಗಿದೆ, ಗಿರಾಕಿಯೊಬ್ಬರ ಬಿಳಿ ಅಂಗಿಯ ತೋಳಿಗೆ ಕಲೆಯಾಯಿತು, ತೆಗೆಯುವುದು ಹೇಗೆಂದು ತಿಳಿಸು, ಇಲ್ಲದಿದ್ದರೆ ಮುಂದಿನ ವಾರದ ಶನಿವಾರ ಮೂರನ್ನೂ ಗುಜರಿಗೆ ಹಾಕುತ್ತೇನೆ. ಹೇಗಿದ್ದೀಯ ಎಂಬ ಒಂದು ಮಾತಿಲ್ಲ. ಆದರೂ ಅದನ್ನು ಎಷ್ಟು ಸಲ ಓದಿದೆನೆಂದರೆ, ಕಬ್ಬಿಣಕ್ಕೆ ಹೊಳಪು ಲೇಪಿಸುವ ನಮ್ಮ ಪ್ಲೇಟಿಂಗ್ ಶೆಡ್ಡಿನ ಮೇಸ್ತ್ರಿ, ಅದೇನು ಕೋರ್ಟ್ ನೋಟೀಸೇನಯ್ಯಾ, ಜೇಬಿಂದ ತೆಗ್ದು ತೆಗ್ದು ನೋಡ್ತಿದ್ದೀಯಲ್ಲ ಎಂದು ಕೇಳಿದರು. ನನಗೆ ನಗು ಬರಲಿಲ್ಲ.

ಮೊದಲು ನೀನು ಕೇಳಿದ್ದು. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಮುಟ್ಟಬೇಡ. ಬಚ್ಚಲು ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಕೂದಲಿಗೆ ಬಣ್ಣ ಹಚ್ಚಿ ಸುತ್ತುತ್ತೀಯಲ್ಲ, ಆ ಅಲ್ಯೂಮಿನಿಯಂ ಹಾಳೆಯನ್ನೇ ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ತುಕ್ಕಿನ ಮೇಲೆ ಮೆಲ್ಲಗೆ ಉಜ್ಜು. ಅದು ಕುರ್ಚಿಯ ಮೇಲಿನ ಕ್ರೋಮ್ ಲೇಪಕ್ಕಿಂತ ಮೆತ್ತಗೆ, ಹೊಳಪು ಕೆಡುವುದಿಲ್ಲ. ಕಪ್ಪು ರಾಡಿ ಏಳುತ್ತದೆ, ಹೆದರದೆ ಒರೆಸಿಬಿಡು. ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒತ್ತಿ, ಸಂದಿಗಳಿಗೆ ನಿನ್ನ ಹೇರ್ ಡ್ರೈಯರ್ ಹಿಡಿ. ಹನಿ ನೀರೂ ಉಳಿಯಬಾರದು. ಕೊನೆಗೆ ಕಾರಿಗೆ ಹಚ್ಚುವ ವ್ಯಾಕ್ಸ್ ತೆಳ್ಳಗೆ ಸವರಿ, ಆರಿದ ಮೇಲೆ ಉಜ್ಜಿ ಮಿನುಗಿಸು. ತಿಂಗಳಿಗೊಮ್ಮೆ ಸಾಕು. ಎಣ್ಣೆ ಹಚ್ಚಿದರೆ ಧೂಳು ಹಿಡಿದು ಗಿರಾಕಿಗಳ ಬಟ್ಟೆಗೆ ಅಂಟುತ್ತದೆ.

ಇಲ್ಲಿಗೆ ಸಹಿ ಹಾಕಿ ಮುಗಿಸಬಹುದಿತ್ತು. ಎದ್ದು ಬೀದಿ ಕೊನೆಯ ಅಂಚೆ ಡಬ್ಬದವರೆಗೂ ನಡೆದೆ. ಅಲ್ಲಿ ನಿಂತ ಮೇಲೆ ಕಾಗದವನ್ನು ಕೋಣೆಯಲ್ಲೇ ಬಿಟ್ಟು ಬಂದದ್ದು ಗೊತ್ತಾಯಿತು. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಐದು ಹೆಜ್ಜೆಗೆ ಗೋಡೆ ಬರುತ್ತದೆ. ಬೆಳಗಿನಿಂದ ಇದೇ ಆಗಿದೆ.

ನಿನ್ನ ತಂಗಿ ಫೋನ್ ಮಾಡಿದ್ದಳು. ಬೈಯಲೆಂದೇ ಮಾಡಿದ್ದು, ಚೆನ್ನಾಗಿ ಬೈದಳು. ಅಕ್ಕ ಈಗ್ಲೂ ಆ ಕುರ್ಚಿ ಮುಟ್ಟೋಕೆ ಮುಂಚೆ ಎರಡೆರಡು ಸಲ ಕೈ ಒರೆಸ್ಕೋತಾಳೆ ಭಾವ, ಗಿರಾಕಿ ತಲೆಯಿಂದ ನೀರು ಸುರೀತಿದ್ರೂ ಮೊದ್ಲು ಕುರ್ಚಿ ಒರೆಸ್ತಾಳೆ ಅಂದಳು. ಇಬ್ಬರು ಗಿರಾಕಿಗಳ ಮುಂದೆ ನಾನು ಕೂಗಾಡಿದ್ದೆನಲ್ಲ, ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕಿ ಹಾಕಿ ತುಕ್ಕು ಹಿಡಿಸಿದ್ದೀಯ, ನಿನ್ನ ಕೈಯೇ ಸರಿಯಿಲ್ಲ ಎಂದು. ನೀನು ಟವೆಲ್ ಎತ್ತಿಕೊಂಡು ಒಳಗೆ ಹೋದೆ. ಅದೇ ವಾರ ಸಂಬಳ ಜಾಸ್ತಿ ಎಂದು ಹೇಳಿ ನಾನು ಈ ಊರಿಗೆ ಬಂದೆ. ಸಂಬಳ ಜಾಸ್ತಿಯೇನಿಲ್ಲ. ನಿನ್ನ ಮುಖ ನೋಡಲಾಗದೆ ಬಂದದ್ದು.

ಕೇಳು. ಕ್ರೋಮ್‌ಗೆ ತುಕ್ಕು ಹಿಡಿಯುವುದಿಲ್ಲ, ಹಿಡಿಯುವುದು ಅದರ ಕೆಳಗಿನ ಕಬ್ಬಿಣಕ್ಕೆ. ನಡುವೆ ನಿಕಲ್ ಪದರ ದಪ್ಪಗೆ ಕೂತಿದ್ದರೆ ನಿನ್ನ ಟವೆಲ್ ಏನೂ ಮಾಡುತ್ತಿರಲಿಲ್ಲ. ನಿನ್ನ ಅಂಗಡಿ ತೆರೆಯುವ ಹಿಂದಿನ ಸಂಜೆ ನಾನೇ ಕುರ್ಚಿಗಳ ಕೈಗಳನ್ನು ನಿಕಲ್ ತೊಟ್ಟಿಗೆ ಇಳಿಸಿದೆ. ನಲವತ್ತು ನಿಮಿಷ ಇರಬೇಕಾದದ್ದನ್ನು ಅವಸರಕ್ಕೆ ಬಿದ್ದು ಹತ್ತೇ ನಿಮಿಷಕ್ಕೆ ಎತ್ತಿದೆ. ಮೇಲೆ ಕ್ರೋಮ್ ಬಿದ್ದ ಮೇಲೆ ಯಾರಿಗೆ ಗೊತ್ತಾಗುತ್ತದೆ? ನಮ್ಮೆಜಮಾನ್ರ ಕೈಕೆಲ್ಸ ಎಂದು ನೀನು ಬಂದವರಿಗೆಲ್ಲ ತೋರಿಸುತ್ತಿದ್ದೆ. ಮೊದಲ ಚುಕ್ಕೆ ಕಂಡ ದಿನವೇ ನನಗೆ ಅರ್ಥವಾಗಿತ್ತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅಷ್ಟರಲ್ಲಿ ನಿನ್ನ ಟವೆಲ್ ಕಣ್ಣಿಗೆ ಬಿತ್ತು.

ಹಾಗಾಗಿ ನೀನು ಎಷ್ಟು ಉಜ್ಜಿದರೂ, ವ್ಯಾಕ್ಸ್ ಹಚ್ಚಿದರೂ, ಎರಡು ತಿಂಗಳಿಗೆ ಮತ್ತೆ ತುಕ್ಕು ಬರುತ್ತದೆ. ಹಳೆಯ ಪದರವನ್ನೆಲ್ಲ ತೆಗೆದು ಹೊಸದಾಗಿ ಮಾಡಬೇಕು. ಶುಕ್ರವಾರದ ಬಸ್ಸಿಗೆ ಬಂದು ಕೈಗಳನ್ನು ಬಿಚ್ಚಿಕೊಂಡು ಹೋಗಲೇ? ಕುರ್ಚಿ ಒಂದು ನೆಪ. ನನಗೆ ಮನೆಗೆ ಬರಬೇಕು. ಇದನ್ನು ಓದಿದ ಮೇಲೂ ಬಾ ಎನ್ನುತ್ತೀಯೋ ಇಲ್ಲವೋ ಗೊತ್ತಿಲ್ಲ. ಬೇಡವೆಂದರೆ ಗುಜರಿಗೆ ಹಾಕು, ನನ್ನ ತಕರಾರಿಲ್ಲ. ಕೈ ಒರೆಸಿಕೊಳ್ಳುವುದನ್ನು ಮಾತ್ರ ಇವತ್ತೇ ನಿಲ್ಲಿಸು.

ಇನ್ನೂ ನಿನ್ನವನೇ ಎಂದುಕೊಂಡಿರುವ,
ಪ್ಲೇಟಿಂಗ್‌ನವನು

ತಾ.ಕ.: ಇದು ನಾಲ್ಕನೇ ಸಲ ಬರೆದ ಕಾಗದ. ಮೊದಲ ಮೂರರಲ್ಲೂ ತಪ್ಪು ನಿನ್ನದೇ ಆಗಿತ್ತು.