ನಿಮ್ಮ ಎಂಜಿನ್ ಓಡಿತು, ಮಾವ

ಮಾವ,

ನಿಮ್ಮ ಮಗನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಇವತ್ತೇ ಮೊದಲ ಮಾಮೂಲಿ ಬೆಳಿಗ್ಗೆ. ನೀವು ವಾಕಿಂಗ್ ಹೋದಿರಿ, ನಾನು ಅವರ ಮೇಜಿನ ಮುಂದೆ ಕೂತೆ.

ನಿಮ್ಮ ಬಾಲ್ಯದ ಆಟದ ರೈಲಿಗೆ ಹೊಸ ಮೋಟಾರ್ ಹಾಕಲೆಂದು ಅವರು ಎಂಜಿನ್ ಬಿಚ್ಚಿದಾಗ, "ಚೆನ್ನಾಗಿದ್ದದ್ದನ್ನ ಕೆಡಿಸಿ ಕೂತ ನೋಡು" ಅಂದಿರಿ. ಅವರು ಕೆಡಿಸಿರಲಿಲ್ಲ. ಹಲ್ಲುಚಕ್ರಗಳು ಅಂಟಿಕೊಂಡಿದ್ದು ನೀವು ಹಾಕಿದ ತಲೆಗೆ ಹಚ್ಚುವ ಎಣ್ಣೆಯಿಂದ! ಎಲ್ಲ ಒರೆಸಿ, ಅವರು ಕತ್ತರಿಸಿಟ್ಟಿದ್ದ ರಬ್ಬರ್ ಮೆತ್ತೆಯ ಮೇಲೆ ಮೋಟಾರ್ ಕೂರಿಸಿದೆ. ಅವರ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮೊದಲ ಸಲ ಹಿಂದಕ್ಕೆ ಓಡಿತು. ವೈರು ಅದಲುಬದಲು ಮಾಡಿದೆ. ಈಗ ಆರು ಬೋಗಿ ಎಳೆದುಕೊಂಡು ಮಂಚದ ಸುತ್ತ ಓಡುತ್ತದೆ, ಮಾವ! ಹಳೇ ಮೋಟಾರು ಮೂರಕ್ಕೇ ಏದುಸಿರು ಬಿಡುತ್ತಿತ್ತಲ್ಲ? ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.

ಹಳಿ ಜೋಡಿಸಿಯೇ ಇದೆ. ತಿಂಡಿ ತಿಂದು, ಕೈ ತೊಳೆದು, ಆಮೇಲೆ ಓಡಿಸಿ. ವೇಗದ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಎಣ್ಣೆ ಬಾಟಲಿ ಬಚ್ಚಿಟ್ಟಿದ್ದೇನೆ, ಹುಡುಕಬೇಡಿ.

ಗಡಿಯಾರ ರಿಪೇರಿಯವರ ಸಣ್ಣ ಇಕ್ಕಳ ಕೊಟ್ಟುಬರಲು ಹೊರಟಿದ್ದೇನೆ. ಎಂಜಿನ್ ಓಡಿದ ದಿನವೇ ವಾಪಸು ತರುತ್ತೇನೆಂದು ನಿಮ್ಮ ಮಗ ಅವರಿಗೆ ಮಾತು ಕೊಟ್ಟಿದ್ದರು.