ಅರ್ಧ ಕೆಂಪು, ಅರ್ಧ ಬಿಳಿ

ನನ್ನವಳೇ,

ಈ ಕಾಗದ ನಿನ್ನನ್ನು ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ಸುದ್ದಿ ಹೇಳದೆ ಇರಲಾರೆ.

ನೀನು ಹೋದ ಮೇಲೆ ಹಿತ್ತಿಲಿಗೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಇವತ್ತು ಬೆಳಿಗ್ಗೆ ಪೈಪ್ ಹಿಡಿದು ನಿಂತಿದ್ದಾಗ ನಿನ್ನ ಬಿಳಿ ದಾಸವಾಳದ ಗಿಡದಲ್ಲಿ ಒಂದು ಹೂವು ಕಂಡಿತು. ಅರ್ಧ ಕೆಂಪು, ಅರ್ಧ ಬಿಳಿ. ಎರಡು ಬಟ್ಟೆ ಜೋಡಿಸಿ ಹೊಲಿದಂತಿತ್ತು. ಇಷ್ಟು ವರ್ಷ ಟೈಲರ್ ಆಗಿದ್ದರೂ ಅಷ್ಟು ನೇರವಾಗಿ ಹೊಲಿಯುವುದು ನನ್ನ ಕೈಯಲ್ಲಾಗದು.

ಹಿಂದೊಮ್ಮೆ ಇಂಥದೇ ಹೂವು ಅರಳಿದೆಯೆಂದು ನೀನು ಒದ್ದೆ ಕೈಯಲ್ಲೇ ಅಂಗಡಿಗೆ ಓಡಿ ಬಂದಿದ್ದೆ. ನಾನು ಮಿಷಿನ್ ಮೇಲಿಂದ ಕಾಲು ತೆಗೆಯಲಿಲ್ಲ. ಸಂಜೆ ನೋಡಿದರೆ ಹೂವು ಮುದುಡಿತ್ತು. ಊಟಕ್ಕೆ ಕೂತಾಗ ನಿನ್ನ ತಂಗಿಯ ಎದುರು, "ಇವಳನ್ನ ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕು" ಎಂದು ನಾನು ನಗಾಡಿದೆ. ನೀನೂ ನಕ್ಕು ಸುಮ್ಮನಾದೆ.

ಇವತ್ತು ತಡೆಯಲಾಗದೆ ನಿನ್ನ ತಂಗಿಗೆ ಫೋನ್ ಮಾಡಿದೆ. "ನಿಮ್ಮಕ್ಕ ಅವತ್ತು ಹೇಳಿದ್ದು ನಿಜ ಕಣಮ್ಮ" ಎಂದೆ.

ಅವಳು ಮೆಲ್ಲಗೆ, "ನಂಗೊತ್ತು ಭಾವ. ಮಾರನೇ ವರ್ಷಾನೂ ಅರಳಿತ್ತು. ಅಕ್ಕ ನನ್ನ ಕರೆದು ತೋರಿಸಿದ್ಲು. ನಿಮ್ಮನ್ನೂ ಕರೀತೀನಿ ಅಂದೆ. 'ಬೇಡ ಬಿಡೇ, ಅವರಿಗೆ ಕೆಲಸ ಇರುತ್ತೆ' ಅಂದ್ಲು" ಎಂದಳು.

ಫೋನ್ ಇಟ್ಟು, ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಹೂವು ಮುದುಡುವವರೆಗೂ ಕೂತೆ. ಅಂಗಡಿ ಬಾಗಿಲು ತೆಗೆಯಲಿಲ್ಲ. ಅವತ್ತು ಅಷ್ಟೊಂದು ಅವಸರದಲ್ಲಿ ಯಾರ ಬಟ್ಟೆ ಹೊಲಿಯುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.